ಕುಲಾಯಿಯೂ ತ್ರೈರಾಶಿಯೂ



ಐಹೊಳೆಯಲ್ಲಿ ಚಳಿ ಬಿದ್ದಿದೆ. ನಮ್ಮದು ಬಿಸಿಲುನಾಡು, ಇಲ್ಲಿಯ ಚಳಿಯನ್ನು ಕಂಡರೆ ಹಿಮಾಲಯದವರು ನಕ್ಕಾರು. ಆದರೂ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಮಲಪ್ರಭೆಯ ಕಡೆಯಿಂದ ಬೀಸುವ ಬೆಳಗಿನ ಗಾಳಿ, ರಾತ್ರಿಯೆಲ್ಲ ತಣಿದ ಕಲ್ಲುಹಾಸಿನ ನೆಲ, ಇವೆರಡೂ ಸೇರಿದರೆ ವಯಸ್ಸಾದ ಮೊಣಕಾಲುಗಳಿಗೆ ಅಷ್ಟೇ ಸಾಕು. ಮನೆಮನೆಗಳಲ್ಲಿ ಮಡಿಸಿಟ್ಟ ಕೌದಿಗಳು ಹೊರಬಿದ್ದಿವೆ. ಹಿರಿಯರ ಹೆಗಲಿಗೆ ಕಂಬಳಿ ಏರಿದೆ. ನಾನಾದರೋ ಬಿಸಿಲು ಕಟ್ಟೆಯ ಮೇಲೆ ಬೀಳುತ್ತಲೇ ಎರಡು ಕಡ್ಡಿ, ಒಂದು ಉಲ್ಲನ್ ಉಂಡೆ ಹಿಡಿದುಕೊಂಡು ಕುಳಿತುಬಿಡುತ್ತೇನೆ.

ಹೌದು, ನೀವು ಸರಿಯಾಗಿಯೇ ಓದಿದಿರಿ. ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಮ್ಮನ್ನು ಹೆದರಿಸುತ್ತಿದ್ದ ಗಣಿತದ ಮಾಸ್ತರರು ಈಗ ಸ್ವೆಟರ್ ಹೆಣೆಯುತ್ತಿದ್ದಾರೆ. ಹಾದಿಯಲ್ಲಿ ಹೋಗುವವರು ಒಂದು ಕ್ಷಣ ನಿಂತು ನೋಡಿ, ನಕ್ಕು, ಮುಂದೆ ಸಾಗುತ್ತಾರೆ. ನಗಲಿ. ಈ ಕಡ್ಡಿಗಳು ನನಗೆ ಕಲಿಸಿದ ಒಂದು ಪಾಠವನ್ನೂ, ಅದರಿಂದ ಹುಟ್ಟಿದ ಒಂದು ಅಭಿಪ್ರಾಯವನ್ನೂ ನಿಮ್ಮ ಮುಂದಿಡಬೇಕೆಂದು ಇಂದು ಬರೆಯಲು ಕುಳಿತಿದ್ದೇನೆ. ಅಭಿಪ್ರಾಯ ಇಷ್ಟೇ: ಹೆಣಿಗೆಯಂಥ ಕೈಕೆಲಸವನ್ನು ಶಾಲೆಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಕಲಿಸಬೇಕು, ಅದನ್ನು ತರಗತಿಯಿಂದ ಹೊರಗೆ ಅಟ್ಟಿದ ನನ್ನಂಥವರು ತಪ್ಪು ಮಾಡಿದೆವು.

ಹೆಣಿಗೆ ನಮ್ಮ ಮನೆಯಾಕೆಯ ವಿದ್ಯೆ. ಅವರು ಎಷ್ಟೋ ಚಳಿಗಾಲಗಳನ್ನು ಹೆಣಿಗೆಯಲ್ಲೇ ಕಳೆದವರು. ಬಳಗದಲ್ಲಿ ಯಾರಿಗೆ ಮಗು ಹುಟ್ಟಿದರೂ ಕುಲಾಯಿ, ಕಾಲುಚೀಲ, ಸ್ವೆಟರ್ ಇವರ ಕೈಯಿಂದಲೇ ಹೋಗಬೇಕು. ಬೆಳಗಿನ ರೊಟ್ಟಿಯ ಕೆಲಸ ಮುಗಿದ ಮೇಲೆ ಒಂದು ತಾಸು, ಸಂಜೆ ದೀಪ ಹಚ್ಚಿದ ಮೇಲೆ ಒಂದು ತಾಸು, ಹೀಗೆ ನಡೆಯುತ್ತಿತ್ತು. ಕೆಲವು ವರ್ಷಗಳಿಂದ ಅವರ ಬೆರಳಿನ ಗೆಣ್ಣುಗಳು ಬಾತು, ಕಡ್ಡಿ ಹಿಡಿಯುವುದು ಕಷ್ಟವಾಯಿತು. ಮೊಮ್ಮಗಳಿಗೆಂದು ತರಿಸಿದ ಉಲ್ಲನ್ ಪೆಟ್ಟಿಗೆಯಲ್ಲೇ ಉಳಿಯಿತು. ಒಂದು ದಿನ ಅವರು ಅದನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದರು. ಆ ಮಾತು ನನಗೆ ಸಹಿಸಲಿಲ್ಲ. ‘ನನಗೆ ಹೇಳಿಕೊಡು, ನಾನು ಮಾಡುತ್ತೇನೆ’ ಎಂದೆ. ಹಾಗೆ ನಿವೃತ್ತ ಶಿಕ್ಷಕನು ಮತ್ತೆ ವಿದ್ಯಾರ್ಥಿಯಾದನು.

ಹೆಣಿಗೆಯ ಮೂಲ ಬಲು ಸರಳ. ನೇಯ್ಗೆಗೆ ಹಾಸು, ಹೊಕ್ಕು ಎಂದು ಎರಡು ದಿಕ್ಕಿನ ಎಳೆಗಳು ಬೇಕು. ಹೆಣಿಗೆಗೆ ಒಂದೇ ದಾರ ಸಾಕು. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುವುದು, ಅಷ್ಟೆ. ಈಚೆಗೆಳೆದರೆ ಸೀದಾ, ಆಚೆಗೆಳೆದರೆ ಉಲ್ಟಾ. ನಮ್ಮ ಇಳಕಲ್ಲ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಜೋಡಿಸುವ ‘ಕೊಂಡಿ’ ವಿಧಾನವನ್ನು ನೀವು ಬಲ್ಲಿರಿ. ಅಲ್ಲಿ ಆ ಕೊಂಡಿ ಒಂದು ಸಾಲಿನಲ್ಲಿ ಮಾತ್ರ ಇರುತ್ತದೆ. ಹೆಣಿಗೆಯಲ್ಲಿ ಬಟ್ಟೆಯೆಲ್ಲವೂ ಕೊಂಡಿಯೇ.

ಆದರೆ ಕಡ್ಡಿ ಹಿಡಿಯುವ ಮೊದಲು ಲೆಕ್ಕ ಮಾಡಬೇಕು. ಮೊಮ್ಮಗಳ ಎದೆಯ ಸುತ್ತಳತೆ 56 ಸೆಂಟಿಮೀಟರ್. ಸಡಿಲಕ್ಕೆಂದು 4 ಸೇರಿಸಿದರೆ 60. ಮುಂಭಾಗಕ್ಕೆ ಅದರ ಅರ್ಧ, 30. ಮನೆಯಾಕೆ ಮಾದರಿಗೆಂದು ಹಿಂದೆಯೇ ಹೆಣೆದಿಟ್ಟಿದ್ದ ಒಂದು ತುಂಡಿನಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆಗಳಿದ್ದವು. ಹಾಗಾದರೆ 30 ಸೆಂಟಿಮೀಟರಿಗೆ ಎಷ್ಟು? ತ್ರೈರಾಶಿ! ಉತ್ತರ 66. ಇನ್ನು ಅಂಚಿನ ಪಟ್ಟಿಗೆ ಎರಡು ಸೀದಾ, ಎರಡು ಉಲ್ಟಾ ಎಂಬ ಕ್ರಮ. ಎರಡು ತುದಿಗಳಲ್ಲೂ ಸೀದಾ ಬರಬೇಕಾದರೆ ಕುಣಿಕೆಗಳ ಸಂಖ್ಯೆಯನ್ನು 4ರಿಂದ ಭಾಗಿಸಿದಾಗ ಶೇಷ 2 ಉಳಿಯಬೇಕು. 66ಕ್ಕೆ ಉಳಿಯುತ್ತದೆ. ಪಟ್ಟಿಗೆ 10ನೆಯ ನಂಬರಿನ ಸಣ್ಣ ಕಡ್ಡಿ, ಮೈಗೆ 8ನೆಯ ನಂಬರಿನದು. ಈ ಹಳೆಯ ನಂಬರುಗಳಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳುವಾಗುತ್ತದೆ. ವಿಲೋಮ ಸಂಬಂಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸೇವಾವಧಿಯಲ್ಲಿ ಸಿಕ್ಕಿರಲಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಗಣಿತದ ಮಾಸ್ತರರು ಮೊದಲ ಯತ್ನದಲ್ಲಿಯೇ ಸೋತರು. ಮಾದರಿಯ ತುಂಡು ಮನೆಯಾಕೆಯ ಕೈಯದು. ನನ್ನ ಕೈ ಬಿಗಿ. ನಾನು ಹೆಣೆದದ್ದರಲ್ಲಿ 10 ಸೆಂಟಿಮೀಟರಿಗೆ 24 ಕುಣಿಕೆಗಳು ಕುಳಿತಿದ್ದವು. 66 ಕುಣಿಕೆಗಳ ಅಗಲ ಇಪ್ಪತ್ತೇಳೂವರೆ ಸೆಂಟಿಮೀಟರ್ ಆಯಿತು. ಹಿಂದುಮುಂದು ಸೇರಿದರೆ 55. ಮಗುವಿನ ಎದೆಗಿಂತಲೂ ಒಂದು ಸೆಂಟಿಮೀಟರ್ ಕಡಿಮೆ! ನಾಲ್ಕು ದಿನಗಳ ಶ್ರಮ. ನಾನು ಮುಖ ಸಣ್ಣದು ಮಾಡಿಕೊಂಡು ಕುಳಿತಾಗ ಮನೆಯಾಕೆ ಅಂದರು: ‘ಬಿಚ್ಚರೀ. ದಾರ ಎಲ್ಲಿಗೂ ಹೋಗೂದಿಲ್ಲ.’

ಕಡ್ಡಿ ಕಿತ್ತು ದಾರದ ತುದಿ ಎಳೆದೆ. ನಾಲ್ಕು ದಿನದ ಕೆಲಸ ಕೆಲವೇ ನಿಮಿಷಗಳಲ್ಲಿ ಉಂಡೆಯಾಯಿತು. ಸುರುಳಿಗಟ್ಟಿದ ದಾರವನ್ನು ಲಡಿ ಸುತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ತೂಗುಹಾಕಿದರೆ ಮತ್ತೆ ನೇರವಾಗುತ್ತದೆ. ಮಗು ಬೆಳೆದು ಸ್ವೆಟರ್ ಚಿಕ್ಕದಾದರೂ ಹೀಗೆಯೇ ಬಿಚ್ಚಿ, ಇನ್ನಷ್ಟು ದಾರ ಸೇರಿಸಿ ದೊಡ್ಡದು ಹೆಣೆಯಬಹುದು. ಯಾವುದೂ ವ್ಯರ್ಥವಿಲ್ಲ.

ಅಂದು ಸಂಜೆ ದುರ್ಗದ ಗುಡಿಯ ಕಡೆಗೆ ಹೋದಾಗ ನನಗೊಂದು ವಿಚಾರ ಹೊಳೆಯಿತು. ನಮ್ಮೂರನ್ನು ವಿದ್ವಾಂಸರು ದೇವಾಲಯ ವಾಸ್ತುಶಿಲ್ಪದ ತೊಟ್ಟಿಲೆಂದೂ ಪ್ರಯೋಗಶಾಲೆಯೆಂದೂ ಕರೆಯುತ್ತಾರೆ. ಲಾಡಖಾನ ಗುಡಿಯ ಇಳಿಜಾರು ಮಾಡಿನ ಮೇಲೆ ಶಿಲ್ಪಿಗಳು ಮರದ ತೊಲೆಗಳಂತೆ ಕಾಣುವ ಕಲ್ಲಿನ ಪಟ್ಟಿಗಳನ್ನು ಕೂಡಿಸಿದರು. ದುರ್ಗದ ಗುಡಿಯ ಬೆನ್ನನ್ನು ಆನೆಯ ಬೆನ್ನಿನಂತೆ ದುಂಡಗೆ ಮಾಡಿದರು. ಒಂದರಲ್ಲಿ ಸಮಾಧಾನವಾಗದ್ದನ್ನು ಇನ್ನೊಂದರಲ್ಲಿ ನೋಡಿದರು. ಕಲ್ಲಿನಲ್ಲಿ ತಪ್ಪಿದರೆ ಬಿಚ್ಚಲು ಬಾರದು. ಇನ್ನೊಂದು ಗುಡಿಯನ್ನೇ ಕಟ್ಟಬೇಕು! ಆ ರಾಜವೈಭವ ನಮ್ಮ ಮಕ್ಕಳಿಗೆಲ್ಲಿಂದ ಬರಬೇಕು? ಅವರಿಗೆ ಅಗ್ಗದಲ್ಲಿ ತಪ್ಪುಮಾಡಲು, ತಪ್ಪಿದಲ್ಲಿಗೆ ಮರಳಿ ಹೋಗಿ ತಿದ್ದಲು ಒಂದು ಸಾಧನ ಬೇಕು.

ನಾನು ಶಾಲೆಯಲ್ಲಿ ಅದನ್ನು ಕೊಡಲಿಲ್ಲ. ತಪ್ಪು ಲೆಕ್ಕದ ಮೇಲೆ ಕೆಂಪು ಶಾಯಿಯಿಂದ ಗೀಟು ಎಳೆದು ಪುಟ ತಿರುವುತ್ತಿದ್ದೆ. ಯಾವ ಸಾಲಿನಲ್ಲಿ ಕುಣಿಕೆ ಜಾರಿತು ಎಂದು ಹುಡುಕಲು ಎಷ್ಟು ಮಂದಿಗೆ ಹೇಳಿದೆ? ಹೆಣಿಗೆಯಲ್ಲಿ ಜಾರಿದ ಕುಣಿಕೆಯನ್ನು ಮುಚ್ಚಿಡಲಾಗದು. ಅದು ಏಣಿಯಂತೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ. ಆಗ ಸಿಟ್ಟಾಗಿ ಪ್ರಯೋಜನವಿಲ್ಲ. ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಹತ್ತಿಸಬೇಕು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಲೇಬೇಕು. ಊರು, ಶಾಲೆ, ವರ್ಷ ಬೇಡ. ಒಂಬತ್ತನೆಯ ತರಗತಿ, ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ಡೆಸ್ಕಿನ ಕೆಳಗೆ ಏನೋ ಮಾಡುತ್ತಿದ್ದಳು. ಹೋಗಿ ನೋಡಿದರೆ ಕಡ್ಡಿ, ಉಲ್ಲನ್, ಅರ್ಧ ಹೆಣೆದ ಕುಲಾಯಿ. ಆಗತಾನೆ ಹುಟ್ಟಿದ ತಮ್ಮನಿಗಂತೆ. ‘ಲೆಕ್ಕದ ತಾಸಿನಲ್ಲಿ ಇದೇನು?’ ಎಂದು ಗದರಿದೆ. ಆಕೆ ತಲೆ ತಗ್ಗಿಸಿಯೇ ಹೇಳಿದಳು: ‘ಸರ್, ನಾನೂ ಲೆಕ್ಕಾನ ಮಾಡಾಕತ್ತೇನ್ರಿ.’ ತರಗತಿಯೆಲ್ಲ ನಕ್ಕಿತು. ನಾನದನ್ನು ಉದ್ಧಟತನವೆಂದು ಬಗೆದು ಎಲ್ಲವನ್ನೂ ಕಿತ್ತುಕೊಂಡು ಕಪಾಟಿನಲ್ಲಿಟ್ಟೆ. ಮರೆತೂಬಿಟ್ಟೆ. ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಕಪಾಟು ತೆಗೆದಾಗ ಕಣ್ಣಿಗೆ ಬಿತ್ತು, ಕರೆದು ಕೊಟ್ಟೆ. ಆಗ ಮಾರ್ಚ್ ತಿಂಗಳು. ಬಾಗಲಕೋಟೆ ಸೀಮೆಯ ಮಾರ್ಚ್ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಆಕೆ ‘ಹೌದ್ರಿ ಸರ್’ ಎಂದು ತೆಗೆದುಕೊಂಡು ಹೋದಳು. ಮುಂದಿನ ವರ್ಷ ಶಾಲೆಗೆ ಬರಲಿಲ್ಲ, ಮದುವೆಯಾಯಿತೆಂದು ಕೇಳಿದೆ.

66 ಕುಣಿಕೆಗಳ ಲೆಕ್ಕ ಹಾಕುವಾಗ ಆ ಹುಡುಗಿಯ ಮಾತು ನೆನಪಿಗೆ ಬಂತು. ಕುಲಾಯಿಯ ನೆತ್ತಿಯನ್ನು ದುಂಡಗೆ ಮುಚ್ಚಬೇಕಾದರೆ ಕುಣಿಕೆಗಳನ್ನು ಸಮಭಾಗ ಮಾಡಿ, ಪ್ರತಿ ಭಾಗದಲ್ಲೂ ಒಂದೇ ಕ್ರಮದಿಂದ ಇಳಿಸುತ್ತ ಬರಬೇಕು. ಆಕೆ ನಿಜವಾಗಿಯೂ ಲೆಕ್ಕ ಮಾಡುತ್ತಿದ್ದಳು. ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದ ಲೆಕ್ಕಕ್ಕಿಂತ ಆ ಲೆಕ್ಕಕ್ಕೆ ಹೆಚ್ಚಿನ ಅರ್ಥವಿತ್ತು.

ಕೈಕೆಲಸವನ್ನು ಶಾಲೆಗೆ ತರಬೇಕೆಂದು ಬಲ್ಲವರು ಹೇಳಿಲ್ಲವೆಂದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಶಿಕ್ಷಣವೆಂದರು; ತಕಲಿ ಶಾಲೆಯೊಳಗೆ ಬಂತು. 1964–66ರ ಕೊಠಾರಿ ಆಯೋಗವು ‘ಕಾರ್ಯಾನುಭವ’ವೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನ, ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಕೆ ಎಂದಿದೆ. ಹೆಸರು ಬದಲಾದವು, ಆಶಯ ಅದೇ. ಹಾಗಿದ್ದೂ ಅದು ಏಕೆ ನಿಲ್ಲಲಿಲ್ಲ? ದೂರುವುದಕ್ಕೆ ಮೇಲಿನವರು ಯಾವಾಗಲೂ ಸಿಗುತ್ತಾರೆ. ನನಗೆ ಗೊತ್ತಿರುವ ಒಂದು ಕಾರಣವನ್ನು ನಾನೇ ಒಪ್ಪಿಕೊಳ್ಳುತ್ತೇನೆ: ವೇಳಾಪಟ್ಟಿಯಲ್ಲಿದ್ದ ಕಾರ್ಯಾನುಭವದ ಅವಧಿಯನ್ನು ‘ಪಾಠ ಉಳಿದಿದೆ’ ಎಂದು ಕೇಳಿ ಪಡೆಯುತ್ತಿದ್ದವರಲ್ಲಿ ನಾನೇ ಮೊದಲಿಗ.

‘ಇದು ಹೆಂಗಸರ ಕೆಲಸ, ಹುಡುಗರಿಗೇಕೆ?’ ಎನ್ನುವವರಿದ್ದಾರೆ. ಕಟ್ಟೆಯ ಮೇಲೆ ಕುಳಿತ ನನಗೂ ಈ ಪ್ರಶ್ನೆ ದಿನಕ್ಕೊಮ್ಮೆ ಬರುತ್ತದೆ. ನಮ್ಮ ಸೀಮೆಯಲ್ಲಿ ಕಂಬಳಿ ನೇಯುವ ಕುರುಬ ಬಾಂಧವರು ಗಂಡಸರಲ್ಲವೇ? ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಮಗ್ಗದ ಕುಣಿಯಲ್ಲಿ ಕುಳಿತ ಗಂಡಸರನ್ನು ನಾವು ಕಂಡಿಲ್ಲವೇ? ಹೆಣಿಗೆಯ ವಿಷಯದಲ್ಲಿಯೂ ಅಷ್ಟೆ; ಹಿಂದೆ ಯುರೋಪಿನ ನಗರಗಳಲ್ಲಿ ಹೆಣಿಗೆಗಾರರ ಸಂಘಗಳು ಪುರುಷರವೇ ಆಗಿದ್ದವು. ಫಿನ್ಲೆಂಡಿನ ಶಾಲೆಗಳಿಗೆ ಕೈಕೆಲಸದ ಪಾಠ 1866ರಲ್ಲೇ ಬಂತು. ಈಗ ಅಲ್ಲಿ ಹುಡುಗ, ಹುಡುಗಿ ಎಂಬ ಭೇದವಿಲ್ಲದೆ ಎಲ್ಲರೂ ಅದನ್ನು ಕಲಿಯುತ್ತಾರೆ. ಇತ್ತೀಚಿನದೇ ಬೇಕೆಂದರೆ, 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಡೈವಿಂಗ್ ಪಟು ಟಾಮ್ ಡೇಲಿ ಪ್ರೇಕ್ಷಕರ ನಡುವೆ ಕುಳಿತು ಹೆಣೆಯುತ್ತಿದ್ದುದನ್ನು ಜಗತ್ತೇ ನೋಡಿತು. ಚಿನ್ನದ ಪದಕಕ್ಕೆ ಗೀರು ಬೀಳದಿರಲೆಂದು ಅದಕ್ಕೊಂದು ಪುಟ್ಟ ಚೀಲವನ್ನೂ ಹೆಣೆದಿದ್ದನು.

‘ಬಿಸಿಲುನಾಡಿಗೆ ಉಲ್ಲನ್ ಏಕೆ? ಪೇಟೆಯಲ್ಲಿ ಸ್ವೆಟರ್ ಅಗ್ಗವಲ್ಲವೇ?’ ಎಂಬುದು ಎರಡನೆಯ ಆಕ್ಷೇಪಣೆ. ನ್ಯಾಯವಾದ ಮಾತು. ಚಳಿಗಾಲದಲ್ಲಿ ಪೇಟೆಯ ಬೀದಿಬದಿಯಲ್ಲಿ ರಾಶಿ ಹಾಕಿ ಮಾರುವ ಸ್ವೆಟರಿಗೆ ನಾನು ಹೆಣೆದದ್ದು ಬೆಲೆಯಲ್ಲಿ ಸಾಟಿಯಾಗದು. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ದಾರದಲ್ಲಿಯೂ ಬಹುಪಾಲು ಅಕ್ರಿಲಿಕ್ ಇರುತ್ತದೆ. ನಮ್ಮ ದಖನಿ ಕುರಿಯ ಒರಟು ಉಣ್ಣೆ ಕಂಬಳಿಗೆ ಒಳ್ಳೆಯದು, ಮಗುವಿನ ಮೈಗೆ ಚುಚ್ಚುತ್ತದೆ. ಆದ್ದರಿಂದ ಉಲ್ಲನ್ನೇ ಆಗಬೇಕೆಂದು ನನ್ನ ಹಟವಿಲ್ಲ. ಹತ್ತಿಯ ದಾರದ ಕ್ರೋಶಾ ಆಗಲಿ, ಎಳೆಗಳನ್ನು ಎಣಿಸಿ ಹಾಕುವ ಕಸೂತಿಯ ಗವಂತಿ, ಮುರ್ಗಿ ಆಗಲಿ, ಹಳೆಯ ಸೀರೆಯ ತುಂಡುಗಳ ಕೌದಿ ಆಗಲಿ. ಎಣಿಸುವಂಥದ್ದಾಗಿರಬೇಕು, ತಪ್ಪಿದರೆ ಬಿಚ್ಚುವಂಥದ್ದಾಗಿರಬೇಕು, ಮುಗಿದ ಮೇಲೆ ಯಾರಿಗಾದರೂ ಉಪಯೋಗಕ್ಕೆ ಬರಬೇಕು. ಒಂದೇ ಷರತ್ತು: ಅದಕ್ಕೆ ಅಂಕ ಕೊಡಬಾರದು. ಅಂಕ ಬಂದ ಕೂಡಲೇ ಮಗು ಬಿಚ್ಚಲು ಹೆದರುತ್ತದೆ. ತಾಯಿ ಮನೆಯಲ್ಲಿ ಮಾಡಿಕೊಟ್ಟದ್ದನ್ನು ತಂದೊಪ್ಪಿಸುತ್ತದೆ.

ಕಲಿಸುವವರು ಎಲ್ಲಿ ಎಂದು ಕೇಳಬೇಡಿ. ಊರೂರಿನಲ್ಲಿ ಕೌದಿ ಹೊಲಿಯುವ ತಾಯಂದಿರಿದ್ದಾರೆ. ಅವರನ್ನು ವಾರಕ್ಕೊಂದು ತಾಸು ಶಾಲೆಗೆ ಕರೆದು ಕುರ್ಚಿ ಹಾಕಿ ಕೂಡಿಸಿ, ಗೌರವಧನ ಕೊಡಿ. ಅಕ್ಷರ ಬಾರದ ಅಜ್ಜಿಯೊಬ್ಬಳು ತಮ್ಮ ಮಾಸ್ತರರಿಗೆ ಗೊತ್ತಿಲ್ಲದ್ದನ್ನು ಕಲಿಸುವುದನ್ನು ಮಕ್ಕಳು ಒಮ್ಮೆಯಾದರೂ ನೋಡಲಿ.

ಮೊಮ್ಮಗಳ ಸ್ವೆಟರಿಗೆ ತೋಳುಗಳು ಮಾತ್ರ ಉಳಿದಿವೆ. ಸಂಕ್ರಮಣದೊಳಗೆ ಮುಗಿಯಬೇಕೆಂದು ಮನೆಯಾಕೆಯ ಆಜ್ಞೆ. ಅದಾದ ಮೇಲೆ ಒಂದು ಕುಲಾಯಿ ಹೆಣೆಯುವ ಆಸೆಯಿದೆ. ಅದು ಸಲ್ಲಬೇಕಾದ ತಮ್ಮ ಈಗ ಮಕ್ಕಳೊಂದಿಗನಾಗಿರಬೇಕು. ಅಕ್ಕ ಎಲ್ಲಿದ್ದಾಳೋ ತಿಳಿಯದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಆ ದಿನದ ನೆನಪಿದ್ದು, ಆಕೆಯ ಪರಿಚಯವಿದ್ದರೆ, ಆಕೆ ಹೇಳಿದ್ದು ಸರಿಯಾಗಿತ್ತೆಂದು ಮಾಸ್ತರರು ಒಪ್ಪಿಕೊಂಡರೆಂದು ದಯಮಾಡಿ ತಿಳಿಸಿರಿ.

ಇನ್ನು ನಿಮ್ಮಲ್ಲಿ ಶಿಕ್ಷಕರಾದವರಿಗೆ ನನ್ನದೊಂದು ಕಿವಿಮಾತು. ಕೈಕೆಲಸದ ಅವಧಿಯನ್ನು ಗಣಿತದ ಮಾಸ್ತರರು ಬಂದು ಕೇಳಿದರೆ ಕೊಡಬೇಡಿ.