ಲಕ್ಕಮ್ಮನವರ ಅಳತೆ ಮತ್ತು ವಿಶ್ವವಿದ್ಯಾಲಯದ ಕಡತ

ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಪ್ರವಚನಗಳಲ್ಲಿ ಕೇಳಿ ತಲೆದೂಗುವ ಈ ಪ್ರಸಂಗವನ್ನು ಇಂದು ವಿಶ್ವವಿದ್ಯಾಲಯಗಳ ಕಚೇರಿಯ ಮುಂದೆಯೂ ನೆನೆಯಬೇಕಾಗಿದೆ.

2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಹರಿಹರ ಹಾಗೂ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಉನ್ನತ ಶಿಕ್ಷಣ ಸಮೀಪವಾಯಿತು. ಎಷ್ಟೋ ಮನೆಗಳಲ್ಲಿ ಪದವಿ ಪಡೆದ ಮೊದಲ ತಲೆಮಾರು ಇದು. ನಾವು ಆಡುತ್ತಿರುವುದು ಯಾವುದೋ ಒಂದು ಸಂಸ್ಥೆಯ ಮಾತಲ್ಲ. ಎಲ್ಲಿಯೇ ಆಗಲಿ, ಅಂಕಪಟ್ಟಿಯ ತಿದ್ದುಪಡಿಯ ಕಡತವೊಂದು ಮೇಜಿನ ಮೇಲೆ ನಿಂತರೆ ನೌಕರಿಯ ಅರ್ಜಿಯ ದಿನ ಮೀರುತ್ತದೆ. ಆ ಭಯವೇ ಲಂಚದ ಬಂಡವಾಳ.

ಲಂಚಕ್ಕೆ ಕೈಯೊಡ್ಡುವವರು ಯಾರು? ಕೆಲವರು ವಯಸ್ಸನ್ನು, ಕೆಲವರು ಅಲ್ಪ ಸಂಬಳವನ್ನು ಕಾರಣವೆನ್ನುತ್ತಾರೆ. ಹೆಣ್ಣುಮಕ್ಕಳು ಹೆಚ್ಚು ಪ್ರಾಮಾಣಿಕರೆಂದು 2001ರ ಸಂಶೋಧನೆಗಳು ಸೂಚಿಸಿದವು. ಅದು ಹೆಣ್ಣಿನ ಗುಣಕ್ಕಿಂತ ಒಳ್ಳೆಯ ವ್ಯವಸ್ಥೆಯ ಫಲವೆಂದು ಬೇರೆ ವಿದ್ವಾಂಸರು ಉತ್ತರಿಸಿದರು. 2017ರಲ್ಲಿ ಪ್ರಕಟವಾದ, ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನವೊಂದು ನಮ್ಮ ಕಣ್ಣು ತೆರೆಸುವಂತಿದೆ. ದಾಳ ಉರುಳಿಸಿ ಬಿದ್ದ ಸಂಖ್ಯೆಯನ್ನು ತಾವೇ ಬರೆಯುವಾಗ ಸುಳ್ಳಾಡಿದವರಲ್ಲಿ ಸರ್ಕಾರಿ ನೌಕರಿಯ ಒಲವು ಹೆಚ್ಚಾಗಿತ್ತು. ಅಂದರೆ ಕೇಡು ಕುರ್ಚಿಯಲ್ಲಿ ಕುಳಿತ ಮೇಲಷ್ಟೇ ಹುಟ್ಟುವುದಲ್ಲ. ಕುರ್ಚಿಯನ್ನು ಬಯಸುವ ಮನಸ್ಸಿನಲ್ಲಿಯೂ ಅದು ಇರಬಹುದು.

ಬಡತನವೇ ಕಾರಣವಾದರೆ, ಅಕ್ಕಿ ಆಯುವವರಿಗಿಂತ ಬಡವರು ಯಾರು? ಲಕ್ಕಮ್ಮನವರನ್ನು ಕಾಪಾಡಿದ್ದು ಸಾಕೆಂಬ ಅರಿವು. ಅರಿವೊಂದೇ ಸಾಲದು, ಲೆಕ್ಕವೂ ಬೇಕು. ಬಿಜ್ಜಳನ ಭಂಡಾರಿಯಾಗಿದ್ದ ಅಣ್ಣ ಬಸವಣ್ಣನವರ ಮೇಲೆ ದೂರು ಬಂದಾಗ ಅವರು ಲೆಕ್ಕ ಒಪ್ಪಿಸಿದರೆಂದು ಪರಂಪರೆ ಹೇಳುತ್ತದೆ. ಶುದ್ಧ ಕಾಯಕಕ್ಕೆ ತಪಾಸಣೆಯ ಅಂಜಿಕೆಯಿಲ್ಲ.

ಇನ್ನು ನಮ್ಮ ಕಡೆಗೆ ತಿರುಗಿ ನೋಡೋಣ. "ಅಲ್ಲಿ ನಮ್ಮವರೇ ಇದ್ದಾರೆ, ಕೆಲಸ ಆಗುತ್ತದೆ" ಎಂದು ಜಾತಿಯ ಎಳೆ ಹಿಡಿದು ಹೋಗುವವರು ನಾವೇ ಅಲ್ಲವೇ? ಹಾಗೆ ಮುಂದೆ ಸರಿದ ನಮ್ಮ ಕಡತದ ಕೆಳಗೆ ಯಾವುದೋ ಬಡ ಕೂಲಿಕಾರನ ಮಗಳ ಕಡತ ಉಳಿದಿರುತ್ತದೆ. 2018ರ ತಿದ್ದುಪಡಿಯಾದ ಮೇಲೆ ಭ್ರಷ್ಟಾಚಾರ ನಿಯಂತ್ರಣ ಕಾಯ್ದೆ ಲಂಚ ಕೊಡುವವನನ್ನೂ ಅಪರಾಧಿಯೆನ್ನುತ್ತದೆ. ಬಲವಂತಕ್ಕೆ ಕೊಟ್ಟವನು ಏಳು ದಿನಗಳೊಳಗೆ ದೂರಿದರೆ ರಕ್ಷಣೆಯೂ ಉಂಟು. ಶರಣಧರ್ಮಕ್ಕೆ ಇದು ಹೊಸ ಮಾತಲ್ಲ.

ಮಠದ ಭಕ್ತರಲ್ಲಿ ಇಂತಹ ಕಚೇರಿಗಳಲ್ಲಿ ದುಡಿಯುವವರಿದ್ದಾರೆ. ಸಂಜೆ ಅವರು ಮನೆಗೆ ಬಂದಾಗ, ತಂದದ್ದು ಇಂದಿನ ಕಾಯಕದಷ್ಟೇ ಎಂದು ಕೇಳುವ ಲಕ್ಕಮ್ಮ ಪ್ರತಿ ಮನೆಯಲ್ಲಿಯೂ ಇರಲಿ.