ಗಾಡಿಯ ಹಾಡು

ಪಿಕಪ್ ಗಾಡಿ ಓಡಿಸಿ ಬದುಕುವ ನಮ್ಮವರಿಗೆ ರಾತ್ರಿಯ ದಾರಿಯಲ್ಲಿ ಹಾಡೇ ಸಂಗಾತಿ. ಅದು ಇಂಪಾಗಿ ಕೇಳಬೇಕೆಂಬ ಆಸೆ ಸಹಜವೇ ಸರಿ. ಆದರೆ ಅಂಗಡಿಗೆ ಹೋದೊಡನೆ "ಎಷ್ಟು ವಾಟ್?" ಎಂದು ಕೇಳುವುದು ತರವಲ್ಲವೆಂಬುದು ನಮ್ಮ ಅಭಿಪ್ರಾಯ. ವಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯೆನಿಸಲು ಸುಮಾರು 10 ಪಟ್ಟು ವಾಟ್ ಬೇಕು. ಅದಕ್ಕಿಂತ ಬಾಗಿಲಿನ ಒಳತಗಡಿನ ತೂತುಗಳನ್ನು ಮುಚ್ಚಿಸುವುದು ಲೇಸು. ಇಲ್ಲವಾದರೆ ಸ್ಪೀಕರಿನ ಹಿಂಬದಿಯ ಸದ್ದು ಮುಂದಿನದನ್ನು ನುಂಗಿ, ಮೃದಂಗದ ಗುಂಕಾರವೇ ಕೇಳಿಸದು.

ಇನ್ನು ಮುಖ್ಯವಾದ ಮಾತು. 12 ವೋಲ್ಟಿನ ಬ್ಯಾಟರಿಯಿಂದ 240 ವಾಟ್ ಎಳೆಯುವ ಆಂಪ್ಲಿಫೈಯರಿಗೆ 20 ಆಂಪಿಯರ್ ಹರಿಯಬೇಕು. ಸಪೂರ ತಂತಿಯಾದರೆ ಬಿಸಿಯಾಗುತ್ತದೆ. ತಗಡಿಗೆ ಉಜ್ಜಿ ಅದರ ಹೊದಿಕೆ ಸವೆದರೆ ಬೆಂಕಿ ಹತ್ತಲೂಬಹುದು. ಆದ್ದರಿಂದ ದಪ್ಪ ತಂತಿಯನ್ನೇ ಹಾಕಿಸಿ, ಅದಕ್ಕೆ ತಕ್ಕ ಫ್ಯೂಸನ್ನು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಕೂರಿಸಬೇಕು. ಆಂಪ್ಲಿಫೈಯರಿನ ಬಳಿ ಮಾತ್ರ ಫ್ಯೂಸು ಇದ್ದರೆ ನಡುವಿನ ತಂತಿಗೆ ಕಾವಲೇ ಇಲ್ಲ.

ಊರು ಬಿಟ್ಟು ಬಂದವರಿಗೆ ಗಾಡಿಯೇ ಹೊಲ, ಗಾಡಿಯೇ ಎತ್ತು. ಫ್ಯೂಸಿನಲ್ಲಿ ಉಳಿಸಿದ ಕಾಸು ಯಾರ ಸಂಸಾರವನ್ನೂ ಸಾಕದು. ಹಾಡು ಕೇಳಿ, ಹಿಂದಿನ ಗಾಡಿಯ ಹಾರನ್ನೂ ಕೇಳಿಸುವಷ್ಟು ಮೆಲ್ಲಗೆ ಕೇಳಿ.