ಹೆಸರು ಬೇರೆಯಾದರೂ ನಂಟು ಕೆಡದಿರಲಿ

ಒಂದೇ ಮನೆಯ ಅಣ್ಣ ತಂಗಿಯರು ನಮ್ಮ ಕನ್ನಡ ಶಾಲೆಯೊಂದರಲ್ಲಿ ಕಲಿಯುತ್ತಿದ್ದಾರೆ ಎನ್ನೋಣ. ಅಣ್ಣನ ದಾಖಲೆಯಲ್ಲಿ ತಂದೆಯ ಹೆಸರು ಕನ್ನಡದ ಉಚ್ಚಾರದಂತೆ ಇಂಗ್ಲಿಷಿಗೆ ಬಂದಿದೆ. ತಂಗಿಯದರಲ್ಲಿ ಮಲಯಾಳದ ಮೂಲಕ ಬಂದು ಎರಡಕ್ಷರ ಬದಲಾಗಿದೆ. ಅಧ್ಯಾಪಕರಿಗೆ ತಂದೆ ಒಬ್ಬರೇ, ಗಣಕಯಂತ್ರಕ್ಕೆ ಇಬ್ಬರು!

ಆದುದರಿಂದ ದಾಖಲೆಗಳನ್ನು ಹೆಸರಿನಿಂದ ಬೆಸೆಯಲಾಗದು. ಗೂಗಲ್‌ನ ಡೇಟಾಸ್ಟೋರ್ ಎಂಬ ಕ್ಲೌಡ್ ಸಂಗ್ರಹದಲ್ಲಿ ಪ್ರತಿ ದಾಖಲೆಗೂ ಅದರದೇ ಆದ ‘ಕೀ’ ಇರುತ್ತದೆ. ಪೈಥಾನ್ ಭಾಷೆಯಲ್ಲಿ ‘ಪಾಲಕ’, ‘ವಿದ್ಯಾರ್ಥಿ’ ಎಂಬ ಎರಡು ಮಾದರಿಗಳನ್ನು ರಚಿಸಿ, ವಿದ್ಯಾರ್ಥಿಯ ದಾಖಲೆಯಲ್ಲಿ ಪಾಲಕರ ಕೀಯನ್ನಷ್ಟೇ ಇರಿಸಬೇಕು. 2008ರಲ್ಲಿ ಆ್ಯಪ್ ಎಂಜಿನ್ ಬಂದಾಗ ಇದಕ್ಕೆ ‘ರೆಫರೆನ್ಸ್‌ಪ್ರಾಪರ್ಟಿ’ ಎಂಬುದಿತ್ತು. ಅನಂತರದ ಎನ್‌ಡಿಬಿಯಲ್ಲಿ ‘ಕೀಪ್ರಾಪರ್ಟಿ’ ಇದೆ.

ಇದರಿಂದ ಪಾಲಕರ ದೂರವಾಣಿ ಸಂಖ್ಯೆ ಬದಲಾದರೆ ಒಂದೆಡೆ ತಿದ್ದಿದರೆ ಸಾಕು. ಇಬ್ಬರು ಮಕ್ಕಳ ಸೂಚನೆಗಳೂ ಹೊಸ ಸಂಖ್ಯೆಗೇ ತಲಪುತ್ತವೆ. ಅದೇ ಕೀಯನ್ನು ಹಿಡಿದು ಹುಡುಕಿದರೆ ಆ ಪಾಲಕರ ಮಕ್ಕಳೆಲ್ಲರೂ ಒಟ್ಟಿಗೆ ದೊರೆಯುತ್ತಾರೆ.

ಆದರೆ ಒಂದು ಎಚ್ಚರ. ಪಾಲಕರ ದಾಖಲೆಯನ್ನು ಅಳಿಸಹೊರಟರೆ ಡೇಟಾಸ್ಟೋರ್ ತಾನಾಗಿ ತಡೆಯದು. ಮಕ್ಕಳ ದಾಖಲೆಯಲ್ಲಿನ ಕೀ, ಕೆಡವಿದ ಮನೆಯ ಬೀಗದ ಕೈಯಂತೆ ಉಳಿದುಬಿಡುತ್ತದೆ. ಅಳಿಸುವ ಮುನ್ನ ಆ ಕೀಯನ್ನು ನೆಚ್ಚಿರುವವರು ಯಾರೆಂದು ಹುಡುಕುವ ಸಾಲುಗಳನ್ನು ನಾವೇ ಬರೆಯಬೇಕು.

ಪಾಲಕರಿಗೂ ಒಂದು ಮಾತು: ಎರಡು ಕಾಗುಣಿತಗಳಿಂದ ಎರಡು ಪಾಲಕ ದಾಖಲೆಗಳೇ ಹುಟ್ಟಿಕೊಂಡರೆ ಯಾವ ಕೀಯೂ ಅವನ್ನು ಕೂಡಿಸದು. ಎರಡನೆಯ ಮಗುವನ್ನು ಶಾಲೆಗೆ ಸೇರಿಸುವಾಗ ಮೊದಲನೆಯ ಮಗುವಿನ ದಾಖಲೆಯನ್ನು ತೆರೆಸಿ ನೋಡಿರಿ.